ಕತ್ತಿಯ ರಾಣಿಯ ಖಾಲಿ ಕೈ

ಗೆಳತಿ ಡೆಕ್ಕಿನಿಂದ ಒಂದು ಕಾರ್ಡ್ ಎಳೆದಳು. ನೋಡಿದಳು. ಡೆಕ್ಕಿನ ಜೊತೆ ಬಂದಿದ್ದ ಪುಟ್ಟ ಕೈಪಿಡಿ ತೆರೆದು ಅರ್ಥ ಹುಡುಕಿದಳು. ಮುಖ ಸಪ್ಪಗಾಯಿತು. ವೈಧವ್ಯ, ಅಗಲಿಕೆ, ಶೋಕ, ಬರಡುತನ ಅಂತ ಸಾಲಾಗಿ ಬರೆದಿತ್ತು. "ಇದು ಬೇಡ ಕಣೇ, ಇನ್ನೊಂದು ಎಳೀತೀನಿ" ಎಂದು ಕಾರ್ಡನ್ನು ಬೋರಲು ಹಾಕಿಬಿಟ್ಟಳು.

ಅವಳಿಗೆ ಬಂದಿದ್ದು ಕತ್ತಿಯ ರಾಣಿ. ಟ್ಯಾರೋ, ಅಂದರೆ ಭವಿಷ್ಯ ಹೇಳಲು ಬಳಸುವ ಚಿತ್ರದ ಎಲೆಗಳು, ಅದನ್ನು ಓದುವವರ ಬಾಯಲ್ಲಿ ಕ್ವೀನ್ ಆಫ್ ಸ್ವೋರ್ಡ್ಸ್. ನಾಲ್ಕು ರಾಣಿಯರಲ್ಲಿ ಈಕೆಗೇ ಕೆಟ್ಟ ಹೆಸರು ಜಾಸ್ತಿ. ಗಯ್ಯಾಳಿ, ಕಲ್ಲು ಮನಸ್ಸಿನವಳು, ನೊಂದು ಕಹಿಯಾದವಳು, ಹೀಗೆ. ನನಗೆ ಇದರಲ್ಲಿ ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಕೈಪಿಡಿಯಲ್ಲಿರುವ ಮಾತು ಒಂದು ಕಡೆಯಿಂದ ಬಂದಿದೆ, ಕಾರ್ಡಿನ ಮೇಲಿರುವ ಚಿತ್ರ ಇನ್ನೊಂದು ಕಡೆಯಿಂದ ಬಂದಿದೆ. ಎರಡನ್ನೂ ಒಂದೇ ಅಂದುಕೊಂಡಾಗಲೇ ಎಡವಟ್ಟು.

ಗೆಳತಿಗೆ ನಾನು ಹೇಳಿದ್ದು ಇಷ್ಟೇ: ಆ ಪುಸ್ತಕ ಮುಚ್ಚಿಡು, ಎರಡು ನಿಮಿಷ ಚಿತ್ರ ನೋಡು, ಏನು ಕಾಣುತ್ತೆ ಹೇಳು. ಅವಳು ಕಾರ್ಡ್ ತಿರುಗಿಸಿ ನೋಡಿ, ಸ್ವಲ್ಪ ಹೊತ್ತಾದ ಮೇಲೆ, "ಈಯಮ್ಮ ಯಾರನ್ನೋ ಕರೀತಿದ್ದಾಳೆ ಅಲ್ವಾ?" ಎಂದಳು.

ಸರಿಯಾಗಿಯೇ ನೋಡಿದ್ದಳು.

ಮೊದಲು ಡೆಕ್ಕಿನ ವಿಷಯ. ಟ್ಯಾರೋದಲ್ಲಿ 78 ಕಾರ್ಡುಗಳು. ಸೂರ್ಯ, ಚಂದ್ರ, ಸಾವು, ನ್ಯಾಯ ಮುಂತಾದ 22 ದೊಡ್ಡ ಕಾರ್ಡುಗಳು ಒಂದು ಗುಂಪು. ಉಳಿದ 56 ನಾವು ನೀವು ಆಡುವ ಇಸ್ಪೀಟಿನ ಅಣ್ಣತಮ್ಮಂದಿರು. ಅಲ್ಲಿರುವ ಹಾಗೆ ಇಲ್ಲೂ ನಾಲ್ಕು ಬಣ್ಣ: ಕೋಲು, ಬಟ್ಟಲು, ಕತ್ತಿ, ನಾಣ್ಯ. ಒಂದೊಂದು ಬಣ್ಣಕ್ಕೂ ಎಕ್ಕದಿಂದ ಹತ್ತರವರೆಗೆ ಎಲೆಗಳು, ಆಮೇಲೆ ನಾಲ್ಕು ಜನ: ಸೇವಕ ಹುಡುಗ ಪೇಜ್, ಕುದುರೆ ಸವಾರ ನೈಟ್, ರಾಣಿ, ರಾಜ. ಇಸ್ಪೀಟಿನಲ್ಲಿ ಸವಾರ ಕಳೆದುಹೋದ, ಟ್ಯಾರೋದಲ್ಲಿ ಉಳಿದುಕೊಂಡ.

ಇನ್ನೊಂದು ವಿಷಯ ನನಗೆ ಯಾವಾಗಲೂ ಸೋಜಿಗ. ಯುರೋಪಿಗೆ ಎಲೆಗಳು ಬಂದಿದ್ದು ಈಜಿಪ್ಟನ್ನು ಆಳುತ್ತಿದ್ದ ಮಾಮ್ಲುಕರ ಕಡೆಯಿಂದ. ಆ ಕಾಲದ ಒಂದು ಡೆಕ್ ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿದೆ. ಅದರಲ್ಲಿ ರಾಜನಿದ್ದಾನೆ, ಅವನ ಇಬ್ಬರು ಅಧಿಕಾರಿಗಳಿದ್ದಾರೆ. ರಾಣಿಯೇ ಇಲ್ಲ. ಅವಳನ್ನು ಸೇರಿಸಿದ್ದು ಯುರೋಪಿನವರು. ಹಳೆಯ ಜರ್ಮನ್ ಎಲೆಗಳಲ್ಲಿ ಇಂದಿಗೂ ರಾಣಿಗೆ ಜಾಗವಿಲ್ಲ. ಅಂದರೆ ರಾಣಿ ಈ ಆಟಕ್ಕೆ ತಡವಾಗಿ ಬಂದವಳು.

ಟ್ಯಾರೋ ಕೂಡ ಹುಟ್ಟಿದ್ದು ಆಟಕ್ಕಾಗಿ. 15ನೇ ಶತಮಾನದ ಮೊದಲ ಭಾಗದಲ್ಲಿ, ಇಟಲಿಯ ಉತ್ತರದಲ್ಲಿ. ಭವಿಷ್ಯ, ಮಂತ್ರ ಯಾವುದೂ ಆಗ ಇರಲಿಲ್ಲ. ಸುಮಾರು 300 ವರ್ಷ ಜನ ಸುಮ್ನೆ ಆಡಿಕೊಂಡಿದ್ದರು. 1781ರಲ್ಲಿ ಕೂರ್ ದ ಜೆಬೆಲಾನ್ ಎಂಬ ಫ್ರೆಂಚ್ ಪಂಡಿತ ಇದು ಈಜಿಪ್ಟಿನ ಪುರೋಹಿತರ ಗುಪ್ತ ಗ್ರಂಥ ಎಂದು ಬರೆದುಬಿಟ್ಟ. ಆಧಾರ ಏನೂ ಇರಲಿಲ್ಲ. ಆದರೆ ಕತೆ ಚೆನ್ನಾಗಿತ್ತು, ಹಾಗಾಗಿ ಇವತ್ತಿಗೂ ಓಡುತ್ತಿದೆ.

ಅದೇ ಕಾಲದಲ್ಲಿ ಪ್ಯಾರಿಸ್‌ನಲ್ಲಿ ಎಟೇಯಾ ಎಂಬ ಇನ್ನೊಬ್ಬನಿದ್ದ. ನಿಜವಾದ ಮನೆತನದ ಹೆಸರು ಅಲಿಯೆಟ್. ಅದರ ಅಕ್ಷರಗಳನ್ನು ಹಿಂದುಮುಂದು ಮಾಡಿ ಈ ಹೆಸರು ಇಟ್ಟುಕೊಂಡಿದ್ದ. 1770ರಲ್ಲಿ ಸಾಮಾನ್ಯ ಇಸ್ಪೀಟೆಲೆಗಳಿಂದ ಭವಿಷ್ಯ ಹೇಳುವ ಪುಸ್ತಕ ಬರೆದ, ಆಮೇಲೆ ಟ್ಯಾರೋಗೂ ಕೈ ಹಾಕಿದ. ಒಂದೊಂದು ಕಾರ್ಡಿಗೂ ಒಂದೊಂದು ಪದ ಅಂಟಿಸಿದ. ಕತ್ತಿಯ ರಾಣಿಗೆ ಅಂಟಿದ ಪದ ವೈಧವ್ಯ.

ಗೆಳತಿಯನ್ನು ಹೆದರಿಸಿದ ಮಾತು ಅಲ್ಲಿಂದ ಹೊರಟಿದ್ದು. ಅವಳ ಕೈಯಲ್ಲಿದ್ದ ಚಿತ್ರ ಬರೆದಿದ್ದು 1909ರಲ್ಲಿ. ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಅಂತರ.

ವಿಧವೆ ಅನ್ನುವುದನ್ನೂ ಒಂದೇ ಕಣ್ಣಿನಲ್ಲಿ ನೋಡಬೇಕಾಗಿಲ್ಲ. ಎಟೇಯಾನ ಕಾಲದ ಇಂಗ್ಲೆಂಡಿನ ಕಾನೂನಿನಲ್ಲಿ ಮದುವೆಯಾದ ಹೆಂಗಸಿಗೆ ತನ್ನದು ಎನ್ನುವ ಆಸ್ತಿ ಇರುವುದೇ ಕಷ್ಟವಾಗಿತ್ತು, ಎಲ್ಲಕ್ಕೂ ಗಂಡನ ಹೆಸರು. ವಿಧವೆಯಾದರೆ ತನ್ನ ಹೆಸರಿನಲ್ಲಿ ವ್ಯವಹಾರ ಮಾಡಬಹುದಿತ್ತು, ಕರಾರಿಗೆ ಸಹಿ ಹಾಕಬಹುದಿತ್ತು. ದುಃಖವೂ ಹೌದು, ಯಾರ ಅಪ್ಪಣೆಗೂ ಕಾಯಬೇಕಿಲ್ಲದ ಸ್ಥಿತಿಯೂ ಹೌದು. ಕೈಪಿಡಿಗಳು ಮೊದಲನೆಯದನ್ನು ಮಾತ್ರ ಉಳಿಸಿಕೊಂಡವು.

ಇನ್ನು ಚಿತ್ರಕ್ಕೆ ಬರೋಣ. ಇವತ್ತು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಡೆಕ್ಕನ್ನು ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಬರೆಸಿದವನು ಆರ್ಥರ್ ಎಡ್ವರ್ಡ್ ವೇಟ್. ಪ್ರಕಟಿಸಿದ್ದು ಲಂಡನ್ನಿನ ರೈಡರ್ ಕಂಪನಿ. ಬಹಳ ಕಾಲ ಡೆಕ್ಕಿಗೆ ರೈಡರ್, ವೇಟ್ ಇಬ್ಬರ ಹೆಸರು ಮಾತ್ರ ಇತ್ತು, ಕುಂಚ ಹಿಡಿದವಳ ಹೆಸರು ಇರಲಿಲ್ಲ. 1909ರ ನವೆಂಬರಿನಲ್ಲಿ ಆಕೆ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್‌ಗೆ ಬರೆದ ಪತ್ರದಲ್ಲಿ, ತುಂಬ ದೊಡ್ಡ ಕೆಲಸವೊಂದನ್ನು ತುಂಬ ಕಡಿಮೆ ದುಡ್ಡಿಗೆ ಮುಗಿಸಿದೆ ಎಂದಿದ್ದಾಳೆ. 1951ರಲ್ಲಿ ತೀರಿಕೊಂಡಾಗ ಸಾಲ ಬಿಟ್ಟು ಹೋಗಿದ್ದಳು. ಅವಳ ಸಹಿ ಮಾತ್ರ ಕಾರ್ಡುಗಳ ಕೆಳಮೂಲೆಯಲ್ಲಿ ಬಳ್ಳಿಯ ಹಾಗೆ ಸುತ್ತಿಕೊಂಡು ಕೂತಿದೆ, ಹುಡುಕಿದರೆ ಸಿಗುತ್ತದೆ.

ಪಮೇಲಾ ನಾಟಕದವರ ಜೊತೆ ಓಡಾಡಿದವಳು, ರಂಗದ ಉಡುಗೆ, ಹಿನ್ನೆಲೆಗಳಲ್ಲಿ ಕೆಲಸ ಮಾಡಿದವಳು. ಅದು ಈ ಕಾರ್ಡಿನಲ್ಲಿ ಎದ್ದು ಕಾಣುತ್ತದೆ. ರಾಣಿ ನಮ್ಮ ಕಡೆ ನೋಡುತ್ತಿಲ್ಲ. ಪಕ್ಕಕ್ಕೆ, ನಮ್ಮ ಬಲಗಡೆಗೆ ಮುಖ ಮಾಡಿ ಕೂತಿದ್ದಾಳೆ. ಆ ಕಡೆಯಿಂದ ಯಾರೋ ರಂಗಕ್ಕೆ ಬರಲಿದ್ದಾರೆ ಅನ್ನುವ ಹಾಗೆ.

ಬಲಗೈಯಲ್ಲಿ ಕತ್ತಿ. ನೆಟ್ಟಗೆ ಮೇಲಕ್ಕೆ, ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟಷ್ಟು ನೇರ. ಕತ್ತಿಯ ಹಿಡಿ ಸಿಂಹಾಸನದ ತೋಳಿನ ಮೇಲೆ ಊರಿದೆ. ಇದನ್ನು ಗಮನಿಸಬೇಕು. ಹೊಡೆಯುವವರು ಕತ್ತಿಯನ್ನು ಹೀಗೆ ಊರಿ ಹಿಡಿಯುವುದಿಲ್ಲ. ಅದೇ ಬಣ್ಣದ ಸವಾರ ಕತ್ತಿ ಬೀಸುತ್ತ ಕುದುರೆ ಓಡಿಸುತ್ತಿದ್ದಾನೆ, ಪೇಜ್ ಹುಡುಗ ಅದನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ನೋಡುತ್ತಿದ್ದಾನೆ. ರಾಣಿಗೆ ಆ ಅವಸರವಿಲ್ಲ. ಕತ್ತಿ ಇದೆ, ಎಲ್ಲರಿಗೂ ಕಾಣಲಿ, ಅಷ್ಟೇ.

ಎಡಗೈ ಮುಂದಕ್ಕೆ ಚಾಚಿದೆ. ಖಾಲಿ.

ಈ ಖಾಲಿ ಕೈಯೇ ಕಾರ್ಡಿನ ಬೀಗದ ಕೈ ಎಂದು ನನ್ನ ಲೆಕ್ಕ. ಯಾಕೆ ಅಂತ ತಿಳಿಯಲು ಇದೇ ಡೆಕ್ಕಿನ 11ನೇ ದೊಡ್ಡ ಕಾರ್ಡ್, ನ್ಯಾಯ, ಇದನ್ನು ಪಕ್ಕದಲ್ಲಿ ಇಟ್ಟು ನೋಡಿ. ಅಲ್ಲೂ ಒಬ್ಬರು ಕೂತಿದ್ದಾರೆ, ಬಲಗೈಯಲ್ಲಿ ಕತ್ತಿ ಮೇಲಕ್ಕೆ ಹಿಡಿದಿದ್ದಾರೆ. ಎಡಗೈಯಲ್ಲಿ ಮಾತ್ರ ತಕ್ಕಡಿ. ನ್ಯಾಯಕ್ಕೆ ತೂಕ ಬೇಕು. ಎರಡು ಕಂಬಗಳ ನಡುವೆ, ಪರದೆ ಹಿಂದೆ ಬಿಟ್ಟುಕೊಂಡು, ನೇರ ನಮ್ಮನ್ನೇ ನೋಡುತ್ತದೆ. ರಾಣಿ ಬಯಲಿನಲ್ಲಿ, ಗಾಳಿಯಲ್ಲಿ ಕೂತಿದ್ದಾಳೆ. ತಕ್ಕಡಿ ಇರಬೇಕಾದ ಕೈಯಲ್ಲಿ ಏನೂ ಇಲ್ಲ. ನಿನ್ನನ್ನು ಅಳೆಯಲು ಕೂತಿಲ್ಲ, ಬಾ, ಹೇಳು, ಆದರೆ ಸುಳ್ಳು ಹೇಳಬೇಡ. ಆ ಕೈ ನನಗೆ ಹೀಗೆ ಕೇಳಿಸುತ್ತದೆ.

ಇದೇ ಕೈಗೆ ಇನ್ನೊಂದು ಕತೆಯೂ ಇದೆ, ಸ್ವಲ್ಪ ಭೀಕರ. ವೇಟ್, ಪಮೇಲಾ ಇಬ್ಬರೂ ಗೋಲ್ಡನ್ ಡಾನ್ ಎಂಬ ಗುಪ್ತವಿದ್ಯೆಯ ಕೂಟದಲ್ಲಿದ್ದವರು. 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಕೂಟ ಅದು. ಅವರ ಒಳಗಿನ ಟಿಪ್ಪಣಿಗಳಲ್ಲಿ ಕತ್ತಿಯ ರಾಣಿಯ ಎಡಗೈಯಲ್ಲಿ ಈಗತಾನೇ ಕಡಿದ, ಗಡ್ಡವಿರುವ ತಲೆಯೊಂದು ಇರಬೇಕು ಎಂದಿದೆ. 1938ರಿಂದ 1943ರವರೆಗೆ ಗುಪ್ತವಿದ್ಯೆಯವನೇ ಆದ ಅಲಿಸ್ಟರ್ ಕ್ರೌಲಿಗಾಗಿ ಫ್ರೀಡಾ ಹ್ಯಾರಿಸ್ ಬರೆದ ಥಾತ್ ಎಂಬ ಇನ್ನೊಂದು ಟ್ಯಾರೋ ಡೆಕ್ಕಿನಲ್ಲಿ ಆ ತಲೆಯನ್ನು ಹಾಗೆಯೇ ಬರೆದಿದ್ದಾರೆ. ಪಮೇಲಾಳ ರಾಣಿಯ ಕೈಯಲ್ಲಿ ತಲೆ ಇಲ್ಲ. ಒಂದೇ ರಾಣಿ, ಒಂದೇ ಎಡಗೈ. ಒಂದು ಡೆಕ್ಕಿನಲ್ಲಿ ರುಂಡ, ಇನ್ನೊಂದರಲ್ಲಿ ಬರಿಗೈ. ಹಾಗಾಗಿ ಯಾರಾದರೂ ಈ ಕಾರ್ಡಿನ ಅರ್ಥ ಹೇಳಿದರೆ ನಾನು ಮೊದಲು ಕೇಳುವುದು ಯಾವ ಡೆಕ್ ಅಂತ.

ಆ ಮಣಿಕಟ್ಟಿನಲ್ಲಿ ಬಳೆಯ ಹಾಗೆ ಏನೋ ಇದೆ, ಅದರಿಂದ ಗೊಂಡೆಯೊಂದು ಜೋತಾಡುತ್ತಿದೆ. ಕೆಲವರು ಅದನ್ನು ಕತ್ತರಿಸಿದ ಹಗ್ಗದ ತುಂಡು ಎಂದು ಓದುತ್ತಾರೆ. ಕತ್ತಿಗಳ ಎಂಟನೇ ಕಾರ್ಡಿನಲ್ಲಿ ಒಬ್ಬ ಹೆಂಗಸು ಕಣ್ಣಿಗೆ ಬಟ್ಟೆ, ಮೈಗೆ ಕಟ್ಟು ಬಿಗಿಸಿಕೊಂಡು ನಿಂತಿದ್ದಾಳೆ. ಅವಳೇ ಬಿಡಿಸಿಕೊಂಡು ಬಂದು ಇಲ್ಲಿ ಕೂತಿದ್ದಾಳೆ ಎಂಬ ಓದು. ಪಮೇಲಾ ಅದನ್ನೇ ಉದ್ದೇಶಿಸಿದ್ದಳು ಎಂದು ನಾನು ಆಣೆ ಮಾಡಲಾರೆ. ಕತೆಯಾಗಿ ಮಾತ್ರ ಚೆನ್ನಾಗಿ ಕೂರುತ್ತದೆ. ಯಾಕೆಂದರೆ ಕತ್ತಿಯ ಬಣ್ಣದ ತುಂಬ ನೋವೇ. ಮೂರನೇ ಕಾರ್ಡಿನಲ್ಲಿ ಮಳೆ ಸುರಿಯುವಾಗ ಹೃದಯಕ್ಕೆ ಮೂರು ಕತ್ತಿ ಚುಚ್ಚಿದೆ. ಒಂಬತ್ತರಲ್ಲಿ ಒಬ್ಬರು ನಡುರಾತ್ರಿ ಹಾಸಿಗೆಯಲ್ಲಿ ಎದ್ದು ಕೂತು ಮುಖ ಮುಚ್ಚಿಕೊಂಡಿದ್ದಾರೆ. ರಾಣಿ ಬರುವುದು ಇವೆಲ್ಲ ಮುಗಿದ ಮೇಲೆ. ವೇಟ್ ಕೂಡ ತನ್ನ ವಿವರಣೆಯಲ್ಲಿ ಅವಳ ಮುಖ ಬಿಗಿಯಾಗಿದ್ದರೂ ಪಳಗಿದೆ, ದುಃಖದ ಪರಿಚಯ ಇರುವ ಮುಖ ಎಂದ. ಜೊತೆಗೆ ಕರುಣೆಯ ಗುರುತಲ್ಲ ಅಂತಲೂ, ಕತ್ತಿ ಹಿಡಿದಿದ್ದರೂ ಅಧಿಕಾರದ ಗುರುತು ಅನ್ನುವುದು ಕಷ್ಟ ಅಂತಲೂ ಸೇರಿಸಿದ. ಕೊನೆಯ ಮಾತು ನನಗೆ ಒಪ್ಪಿಗೆ. ಕರುಣೆಯ ವಿಷಯದಲ್ಲಿ ಜಗಳ ಇದೆ. ಚಾಚಿದ ಕೈಯನ್ನು ಅವನು ನೋಡಿಯೂ ನೋಡದ ಹಾಗೆ ದಾಟಿಹೋದ ಅನ್ನಿಸುತ್ತದೆ.

ತಲೆಯ ಮೇಲಿನ ಕಿರೀಟ ನೋಡಿ. ಚಿಟ್ಟೆಗಳು. ಸಿಂಹಾಸನದ ಬದಿಯಲ್ಲೂ ಚಿಟ್ಟೆ, ರೆಕ್ಕೆ ಇರುವ ಮಗುವಿನ ಮುಖ. ನೀರು, ಗಾಳಿ ಮುಂತಾದ ಭೂತಗಳಲ್ಲಿ ಕತ್ತಿಯ ಬಣ್ಣಕ್ಕೆ ಸೇರಿದ್ದು ಗಾಳಿ, ಹಾಗಾಗಿ ಹಾರುವ ಪ್ರಾಣಿಗಳು. ಅಷ್ಟೇ ಅಲ್ಲ, ಗ್ರೀಕರ ಮಾತಿನಲ್ಲಿ ಚಿಟ್ಟೆಗೂ ಜೀವಾತ್ಮಕ್ಕೂ ಒಂದೇ ಪದ, ಸೈಕೀ. ಹುಳು ಗೂಡು ಕಟ್ಟಿ, ಒಳಗೇ ಕರಗಿ, ಬೇರೆಯೇ ಆಗಿ ಹೊರಬರುವ ಪ್ರಾಣಿ ಅದು. ಎಲ್ಲ ಬಿಟ್ಟು ಅದನ್ನೇ ತಲೆಯ ಮೇಲೆ ಇಟ್ಟಿದ್ದಾಳೆ. ಕಬ್ಬಿಣದಂಥ ಹೆಂಗಸು ಅನ್ನುವವರು ಈ ಕಿರೀಟಕ್ಕೆ ಏನು ಹೇಳುತ್ತಾರೋ.

ಆಕಾಶ ಮೇಲೆ ತಿಳಿಯಾಗಿದೆ, ಮೋಡಗಳು ಕೆಳಗೆ ದಿಗಂತದ ಬಳಿ ರಾಶಿ ಬಿದ್ದಿವೆ. ಅವಳ ತಲೆ ಮೋಡಕ್ಕಿಂತ ಮೇಲೆ. ಹೊದ್ದ ಬಟ್ಟೆಯ ಮೇಲೂ ಮೋಡ. ಇಲ್ಲಿ ಗೋಲ್ಡನ್ ಡಾನ್ ಕೂಟದ ಲೆಕ್ಕವೊಂದು ಕೆಲಸಕ್ಕೆ ಬರುತ್ತದೆ. ಅವರ ಪ್ರಕಾರ ಎಲ್ಲ ರಾಣಿಯರೂ ನೀರು. ಕತ್ತಿ ಗಾಳಿ. ಹಾಗಾದರೆ ಕತ್ತಿಯ ರಾಣಿ ಅಂದರೆ ಗಾಳಿಯಲ್ಲಿರುವ ನೀರು. ಗಾಳಿಯಲ್ಲಿರುವ ನೀರು ಅಂದರೆ ಇನ್ನೇನು, ಮೋಡ! ಕಣ್ಣೀರು ಆವಿಯಾಗಿ ಮೇಲೇರಿ ಮೋಡವಾಗಿದೆ, ಇವಳು ಅದನ್ನೇ ಹೊದ್ದುಕೊಂಡಿದ್ದಾಳೆ. ಸೂತ್ರ ಕೇಳಲು ಒಣಒಣ ಅನ್ನಿಸಿದರೂ ಚಿತ್ರದಲ್ಲಿ ಎಷ್ಟು ಸಲೀಸಾಗಿ ಕೂತಿದೆ ನೋಡಿ.

ಮೇಲೆ ಒಂದೇ ಒಂದು ಹಕ್ಕಿ. ಪೇಜ್ ಕಾರ್ಡಿನಲ್ಲಿ ಹಿಂಡೇ ಇದೆ, ರಾಜನ ಕಾರ್ಡಿನಲ್ಲಿ ಎರಡು. ಚಿಕ್ಕ ಹುಡುಗನ ತಲೆಯಲ್ಲಿ ನೂರು ಯೋಚನೆ, ರಾಣಿಯ ತಲೆಯಲ್ಲಿ ಒಂದೇ. ಒಂಟಿತನ ಎಂದೂ ಓದುತ್ತಾರೆ. ಎರಡೂ ಇರಲಿ.

ಉಳಿದ ಮೂವರು ರಾಣಿಯರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕಣ್ಣು ಎಲ್ಲಿದೆ ಅನ್ನುವುದನ್ನು ಮಾತ್ರ ಹೋಲಿಸಿ. ಬಟ್ಟಲಿನ ರಾಣಿ ಕಡಲ ದಂಡೆಯಲ್ಲಿ ಕೂತು ತನ್ನ ಮುಚ್ಚಳ ಹಾಕಿದ ಬಟ್ಟಲನ್ನೇ ದಿಟ್ಟಿಸುತ್ತಿದ್ದಾಳೆ. ನಾಣ್ಯದ ರಾಣಿ ಮಡಿಲಿನ ನಾಣ್ಯ ನೋಡುತ್ತಿದ್ದಾಳೆ, ಕಾಲ ಬಳಿ ಮೊಲ. ಕೋಲಿನ ರಾಣಿಯ ಕೈಯಲ್ಲಿ ಸೂರ್ಯಕಾಂತಿ, ಮುಂದೆ ಕರಿಬೆಕ್ಕು. ಕತ್ತಿಯ ರಾಣಿ ಕತ್ತಿಯನ್ನು ನೋಡುತ್ತಿಲ್ಲ. ಅದು ಅಲ್ಲಿದೆ ಎಂದು ಗೊತ್ತು, ಮತ್ತೆ ಮತ್ತೆ ನೋಡುವ ಅಗತ್ಯವಿಲ್ಲ. ಕಣ್ಣೆಲ್ಲ ಎದುರಿಗೆ ಬರುವವರ ಮೇಲೆ.

ಇದರಿಂದ ಓದುವಾಗ ಸಿಗುವ ಒಂದು ಉಪಾಯ: ಹಲವು ಕಾರ್ಡ್ ಹರಡಿದಾಗ ಈ ರಾಣಿಯ ಬಲಕ್ಕೆ, ಅಂದರೆ ಅವಳ ಮುಖದ ಎದುರಿಗೆ, ಯಾವ ಕಾರ್ಡ್ ಬಿದ್ದಿದೆ ನೋಡಿ. ಅವಳು ಮಾತಾಡಿಸುತ್ತಿರುವುದು ಅದನ್ನೇ. ಬೆನ್ನ ಹಿಂದೆ ಬಿದ್ದಿದ್ದು ಅವಳು ದಾಟಿ ಬಂದಿದ್ದು.

ಕಾರ್ಡ್ ಬಂದರೆ ಅದು ಯಾವುದೋ ಹೆಂಗಸೇ ಆಗಬೇಕಾ? ಹಳಬರು ಹಾಗೇ ಓದುತ್ತಿದ್ದರು. ವೇಟ್ ಕೂದಲಿನ ಬಣ್ಣದ ಮೇಲೆ, ವಯಸ್ಸಿನ ಮೇಲೆ ಜನರನ್ನು ಹಂಚಿದ್ದ: 40 ದಾಟಿದ ಹೆಂಗಸು ರಾಣಿ, ಕಂದುಗಪ್ಪು ಕೂದಲಿದ್ದರೆ ಕತ್ತಿ, ಪೂರ್ತಿ ಕಪ್ಪಾದರೆ ನಾಣ್ಯ. ಜಗತ್ತಿನಲ್ಲಿ ಕಪ್ಪು ಕೂದಲಿನವರೇ ಜಾಸ್ತಿ, ಎಲ್ಲರನ್ನೂ ನಾಣ್ಯದೊಳಗೆ ತುರುಕಬೇಕಾದೀತು. ಈಗ ಯಾರೂ ಅದನ್ನು ಹೆಚ್ಚು ಬಳಸುವುದಿಲ್ಲ. ರಾಣಿಯನ್ನು ಒಂದು ರೀತಿ ಎಂದು ನೋಡುವುದೇ ಮೇಲು. ಗಂಡಸಿನಲ್ಲೂ ಇರಬಹುದು, 20ರ ಹುಡುಗಿಯಲ್ಲೂ ಇರಬಹುದು. ಕೇಳಿದ ಪ್ರಶ್ನೆಯಲ್ಲಿ ಅಂಥ ವ್ಯಕ್ತಿ ಒಬ್ಬರು ಇದ್ದರೆ ಅವರು ಎಂದು ಓದಿ. ಇಲ್ಲದಿದ್ದರೆ ನೀವೇ ಸ್ವಲ್ಪ ಹೊತ್ತು ಆ ಕುರ್ಚಿಯಲ್ಲಿ ಕೂರಬೇಕು ಎಂದು ಓದಿ.

ಆ ರೀತಿ ಯಾವುದು? ಕನ್ನಡದಲ್ಲಿ ಇದಕ್ಕೆ ಮಾತುಗಳು ರೆಡಿ ಇವೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಈ ರಾಣಿಗೆ ಆಗದು. ಕಡ್ಡಿ ಮುರಿದ ಹಾಗೆ ಹೇಳುತ್ತಾಳೆ. ಆದರೆ ಚಾಚಿದ ಕೈ ಮರೆತರೆ ಅದು ಎದ್ದು ಬಂದು ಎದೆಗೆ ಒದ್ದ ಹಾಗೆ ಆಗುತ್ತದೆ. ಕಾರ್ಡ್ ತಲೆಕೆಳಗಾಗಿ ಬಿದ್ದಾಗ ನಾನು ಓದುವುದು ಹಾಗೆಯೇ: ಕತ್ತಿ ಉಳಿದಿದೆ, ಕೈ ಮರೆತುಹೋಗಿದೆ. ವೇಟ್ ಇಲ್ಲಿ ಹಗೆತನ, ಮೋಸ, ಮಡಿವಂತಿಕೆ ಎಂದೆಲ್ಲ ಪಟ್ಟಿ ಮಾಡುತ್ತಾನೆ. ಅಷ್ಟು ದೂರ ಹೋಗಬೇಕಿಲ್ಲ. ನಿಜ ಹೇಳುತ್ತೇನೆ ಎಂಬ ನೆಪದಲ್ಲಿ ಚುಚ್ಚುವವರನ್ನು ನೆನೆಸಿಕೊಂಡರೆ ಸಾಕು. ಅಥವಾ ಹೇಳಬೇಕಾದ ಮಾತನ್ನು ನುಂಗಿ ನುಂಗಿ ಒಳಗೇ ಕುಯ್ದುಕೊಳ್ಳುವವರನ್ನು.

ಕಾರ್ಡಿಗೆ ನಾಳೆ ಆಗುವುದು ಗೊತ್ತಿರುತ್ತಾ? ಇಲ್ಲ. ಹಾಗೆ ತೋರಿಸುವ ಪುರಾವೆ ಏನೂ ಇಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೂ ಅವರವರ ಸ್ವಭಾವದ ವಿವರಣೆ ಎಂದು ಚೀಟಿ ಕೊಟ್ಟ. 5ಕ್ಕೆ ಎಷ್ಟು ಸರಿ ಎಂದು ಕೇಳಿದಾಗ ಸರಾಸರಿ 4.26 ಬಂತು. ಎಲ್ಲ ಚೀಟಿಯಲ್ಲೂ ಇದ್ದಿದ್ದು ಒಂದೇ ಬರಹ, ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು. ಎಲ್ಲರಿಗೂ ಹೊಂದುವ ಮಾತನ್ನು ನಮ್ಮದೇ ಎಂದುಕೊಳ್ಳುವ ಚಾಳಿ ನಮಗಿದೆ. ಟ್ಯಾರೋದಲ್ಲಿ ಅದು ಅಪಾಯವೂ ಹೌದು, ಉಪಯೋಗವೂ ಹೌದು. ಯಾರೋ ಬಂದು ನಿಮಗೆ ವೈಧವ್ಯ ಇದೆ ಎಂದರೆ ಅಪಾಯ. ಚಿತ್ರ ನೋಡುತ್ತ ನೀವೇ ನಿಮ್ಮ ಮಾತು ಕೇಳಿಸಿಕೊಂಡರೆ ಉಪಯೋಗ.

ಗೆಳತಿಯ ಪ್ರಶ್ನೆ ಏನಿತ್ತು ಅಂದರೆ, ಹಳೆಯ ಸ್ನೇಹಿತೆಯ ಜೊತೆ ಸೇರಿ ನಡೆಸುತ್ತಿದ್ದ ಚಿಕ್ಕ ವ್ಯಾಪಾರದಿಂದ ಹೊರಬರಬೇಕು, ಹೇಗೆ ಹೇಳುವುದು. ಫೋನಿನಲ್ಲಿ ಒಂದು ಮೆಸೇಜ್ ಬರೆದಿಟ್ಟುಕೊಂಡಿದ್ದಳು, ವಾರಗಟ್ಟಲೆ ತಿದ್ದಿದ್ದಳು. ತೋರಿಸಿದಳು. ಮೂರು ಸಲ ಬೆರಳಲ್ಲಿ ಮೇಲಕ್ಕೆ ಸರಿಸಿದರೂ ಮುಗಿಯದಷ್ಟು ಉದ್ದ. ಆರೋಗ್ಯ, ಮನೆ ಕೆಲಸ, ಕ್ಷಮೆ, ಹಳೆಯ ನೆನಪು, ಮತ್ತೆ ಕ್ಷಮೆ. ಬಿಡುತ್ತೇನೆ ಅನ್ನುವ ಮಾತು ಮಾತ್ರ ಎಲ್ಲೂ ಇರಲಿಲ್ಲ.

ಕಾರ್ಡನ್ನು ಫೋನಿನ ಪಕ್ಕದಲ್ಲಿ ಇಟ್ಟುಕೊಂಡು ಕೂತಳು. ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಒಂದೊಂದೇ ಸಾಲು ತೆಗೆದಳು. ಅರ್ಧ ಗಂಟೆಯಾದ ಮೇಲೆ ಮೂರು ಸಾಲು ಉಳಿಯಿತು. ಮುಂದಿನ ತಿಂಗಳಿಂದ ನಾನು ಇದರಲ್ಲಿ ಇರುವುದಿಲ್ಲ. ನಿನ್ನ ಮೇಲಿನ ಕೋಪದಿಂದಲ್ಲ, ನನ್ನಿಂದ ಆಗುತ್ತಿಲ್ಲ. ಲೆಕ್ಕ ಒಪ್ಪಿಸಲು ಯಾವಾಗ ಬರಲಿ, ನೀನೇ ಹೇಳು.

ಕಳಿಸುವ ಮೊದಲು ನನಗೆ ಓದಿ ಹೇಳಿದಳು. "ಕೊನೆಗೊಂದು ಇಮೋಜಿ ಹಾಕಲಾ?" ಎಂದು ಕೇಳಿದಳು. ಕಾರ್ಡಿನ ಕಡೆ ಒಮ್ಮೆ ನೋಡಿ, ಬೇಡ ಅಂದೆ.